ಸುಣ್ಣದ ಗೆರೆಯಿಂದ ರಾಷ್ಟ್ರೀಯ ಕೂಟಕ್ಕೆ: ಹುಬ್ಬಳ್ಳಿ-ಧಾರವಾಡದ ಹುಡುಗಿಯರ ಮೇಲಾಟದ ಹಾದಿ

ನಮ್ಮ ಕಡೆ ತಾಲೂಕು ಕ್ರೀಡಾಕೂಟ ಬರುವುದು ಮಳೆಗಾಲದಲ್ಲಿ. ಧಾರವಾಡದಲ್ಲಿ ಜಿಟಿಜಿಟಿ ಹಿಡಿದಿರುತ್ತದೆ, ಕಲಘಟಗಿಯಲ್ಲಿ ಜೋರು ಹೊಡೆತ. ಬೆಳಿಗ್ಗೆ ಆರು ಗಂಟೆಗೆ ಎಳೆದ ಸುಣ್ಣದ ಗೆರೆ ಎಂಟಕ್ಕೆ ಕರಗಿ ಹಾಲಿನಂತೆ ಹರಿದುಹೋಗಿರುತ್ತದೆ. ಮತ್ತೆ ಹಗ್ಗ ಹಿಡಿಯಬೇಕು, ಮತ್ತೆ ಟೇಪು ಬಿಚ್ಚಬೇಕು, ಮತ್ತೆ ಗೆರೆ ಎಳೆಯಬೇಕು. ಮಸಾರಿ ಮಣ್ಣಿನ ಮೈದಾನವಾದರೆ ನೀರು ಬೇಗ ಇಂಗುತ್ತದೆ. ನವಲಗುಂದ, ಕುಂದಗೋಳ, ಹುಬ್ಬಳ್ಳಿಯ ಮೂಡಣ ಕಡೆಯ ಎರೆ ಭೂಮಿಯಾದರೆ ಹುಡುಗಿಯರ ಅಂಗಾಲಿಗೆ ಒಂದೊಂದು ಸೇರು ಮಣ್ಣು ಮೆತ್ತಿಕೊಂಡು, ನೂರು ಮೀಟರು ಓಡುವುದು ಇನ್ನೂರು ಓಡಿದಷ್ಟಾಗುತ್ತದೆ. ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ನಾನು ಸವೆಸಿದ ವರ್ಷಗಳಲ್ಲಿ ಇಂಥ ಮೈದಾನಗಳೇ ಹೆಚ್ಚು. ಬಾಲಕಿಯರ ರಾಷ್ಟ್ರೀಯ ಶಾಲಾ ಮೇಲಾಟ ಎಂಬ ದೊಡ್ಡ ಕೂಟದ ಚರಿತ್ರೆಯನ್ನು ಈ ಸಂಚಿಕೆಗೆ ಬರೆದುಕೊಡಿ ಎಂದಾಗ ನನಗೆ ಮೊದಲು ನೆನಪಾದದ್ದು ಆ ಕರಗಿದ ಗೆರೆ. ದಿಲ್ಲಿಯಲ್ಲಿಯೋ ಪುಣೆಯಲ್ಲಿಯೋ ನಡೆಯುವ ಆ ಕೂಟ ನಮ್ಮ ಪಾಲಿಗೆ ಶುರುವಾಗುವುದು ಅಲ್ಲಿಂದಲೇ.

ಹುಡುಗಿಯರು ಮೈದಾನಕ್ಕಿಳಿದ ಕಥೆಗೆ ಹುಬ್ಬಳ್ಳಿಯಲ್ಲಿ ಸ್ವಾತಂತ್ರ್ಯಕ್ಕಿಂತ ಹಳೆಯ ಬೇರಿದೆ. ಧಾರವಾಡದಲ್ಲಿ ಹುಟ್ಟಿ ಅಮೆರಿಕದಲ್ಲಿ ಉನ್ನತ ಶಿಕ್ಷಣ ಪಡೆದು ಬಂದ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. ಅದರ ಕೇಂದ್ರ ಹುಬ್ಬಳ್ಳಿಯಾಯಿತು. ಶಿಸ್ತು, ಕವಾಯತು, ಅಂಗಸಾಧನೆ ಇವು ದಳದ ಉಸಿರು. ಅದರ ಮಹಿಳಾ ವಿಭಾಗವನ್ನು ಹೊತ್ತವರು ಉಮಾಬಾಯಿ ಕುಂದಾಪುರ. ಮದುವೆಯಾದ ಮೇಲೂ ಮಾವ ಆನಂದರಾಯರ ಬೆಂಬಲದಿಂದ ಓದು ಮುಂದುವರಿಸಿ, ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು, ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಯನ್ನು ನಡೆಸಿದ ಹೆಣ್ಣುಮಗಳು ಅವರು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿಗೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಮನೆಯ ಹೊಸ್ತಿಲು ದಾಟುವುದಕ್ಕೇ ಹತ್ತು ಮಂದಿಯ ಅಪ್ಪಣೆ ಬೇಕಾಗಿದ್ದ ಕಾಲ ಅದು. ಆ ಹೆಣ್ಣುಮಕ್ಕಳು ಸಾಲಾಗಿ ನಿಂತು, ಹೆಜ್ಜೆ ಕೂಡಿಸಿ, ಸಾವಿರಾರು ಜನರೆದುರು ನಡೆದರು. ಅದು ಓಟದ ಸ್ಪರ್ಧೆಯಲ್ಲ, ನಿಜ. ಆದರೂ ಹೆಣ್ಣಿನ ಮೈ ಬಯಲಿನಲ್ಲಿ, ಎಲ್ಲರ ಕಣ್ಣೆದುರು ಶಿಸ್ತಿನಿಂದ ದುಡಿಯಬಹುದು ಎಂಬುದನ್ನು ಈ ಊರು ಕಂಡದ್ದು ಆಗ. ನಮ್ಮ ಮೇಲಾಟದ ಚರಿತ್ರೆಯನ್ನು ನಾನು ಉಮಾಬಾಯಿಯವರಿಂದಲೇ ಆರಂಭಿಸುತ್ತೇನೆ.

ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಶಾಲೆಯ ವ್ಯಾಯಾಮ ಎಂದರೆ ಲೇಜಿಮು, ಡಂಬೆಲ್ಸು, ಕವಾಯತು, ಮಲ್ಲಕಂಬ; ಹುಡುಗಿಯರಿಗೆ ಹೆಚ್ಚೆಂದರೆ ಲೇಜಿಮು, ಖೋಖೋ. 1938ರಲ್ಲಿ ಮುಂಬಯಿ ಸರ್ಕಾರ ಕಾಂದಿವಲಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ತರಬೇತಿ ಸಂಸ್ಥೆಯನ್ನು ತೆರೆಯಿತು. ಪ್ರಾಂತದ ಪಿ.ಟಿ. ಮಾಸ್ತರರು ಅಲ್ಲಿ ಕಲಿತು ಬಂದಾಗ ಸೀಟಿ ಮತ್ತು ಸ್ಟಾಪ್‌ವಾಚು ಎರಡೂ ಶಾಲೆಯ ಕಪಾಟು ಸೇರಿದವು. ಅಲ್ಲಿಯ ತನಕ ಯಾರು ಮುಂದೆ ಬಂದರು ಎಂಬುದಷ್ಟೇ ಲೆಕ್ಕ. ಎಷ್ಟು ಹೊತ್ತಿನಲ್ಲಿ ಬಂದರು ಎಂದು ಕೇಳಲು ಶುರುವಾದ ಮೇಲೆ ಒಂದೂರಿನ ಹುಡುಗಿಯನ್ನು ಇನ್ನೊಂದೂರಿನ ಹುಡುಗಿಯ ಜೊತೆ ನಿಲ್ಲಿಸಿ ನೋಡುವುದು ಸಾಧ್ಯವಾಯಿತು. ರಾಷ್ಟ್ರೀಯ ಕೂಟ ಎಂಬ ಕಲ್ಪನೆ ನಿಂತಿರುವುದೇ ಆ ಗಡಿಯಾರದ ಮೇಲೆ.

ಸ್ವಾತಂತ್ರ್ಯ ಬಂದ ಮೇಲಿನ ಏಳೆಂಟು ವರ್ಷ ಭಾರತದ ಹೆಣ್ಣುಮಕ್ಕಳ ಮೇಲಾಟಕ್ಕೆ ಬಹಳ ಮುಖ್ಯ. 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಓಟಗಾರ್ತಿಯರು ಪದಕ ಗೆದ್ದರು. 1952ರಲ್ಲಿ ನೀಲಿಮಾ ಘೋಷ್ ಮತ್ತು ಮೇರಿ ಡಿಸೋಜಾ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಓಡಿದರು. ನೀಲಿಮಾಗೆ ಆಗ ಹದಿನೇಳು, ಇನ್ನೂ ಶಾಲೆಯ ಬೆಂಚಿನಲ್ಲಿ ಕೂಡುವ ವಯಸ್ಸು. 1954ರ ಮನಿಲಾ ಏಷ್ಯನ್ ಕೂಟದಲ್ಲಿ 4×100 ರಿಲೇಯಲ್ಲಿ ಭಾರತದ ನಾಲ್ವರು ಚಿನ್ನ ತಂದರು. ಅದೇ 1954ರಲ್ಲಿ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ ಹುಟ್ಟಿತು. ರಾಷ್ಟ್ರೀಯ ಶಾಲಾ ಕ್ರೀಡಾಕೂಟದ ಚೌಕಟ್ಟು ಅದರದು. ಕಾಲಕ್ರಮದಲ್ಲಿ 14, 17, 19 ವರ್ಷದೊಳಗಿನವರು ಎಂಬ ಮೂರು ಗುಂಪುಗಳು ನೆಲೆಗೊಂಡವು. ಪ್ರೌಢಶಾಲೆಯ ಹುಡುಗಿಯರೆಂದರೆ ಮುಖ್ಯವಾಗಿ 17ರ ಗುಂಪು.

ಎರಡೇ ವರ್ಷದಲ್ಲಿ ನಮ್ಮ ಕಡೆ ಇನ್ನೊಂದು ಬದಲಾವಣೆ. 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿಯವರೆಗೆ ಪುಣೆ, ಮುಂಬಯಿ ಕಡೆಗೆ ಮುಖ ಮಾಡಿದ್ದ ಶಾಲಾ ತಂಡಗಳು ಇನ್ನು ಬೆಂಗಳೂರಿನ ಕಡೆ ತಿರುಗಬೇಕಾಯಿತು. ಏಕೀಕರಣದ ಬಗ್ಗೆ ಬರೆದವರು ಭಾಷೆ, ಆಡಳಿತ, ಸಾಹಿತ್ಯದ ಮಾತನ್ನೇ ಬರೆದಿದ್ದಾರೆ. ಒಬ್ಬ ಓಟಗಾರ್ತಿಯ ಪಾಲಿಗೆ ಏಕೀಕರಣವೆಂದರೆ ಎದುರಾಳಿಗಳು ಬದಲಾದದ್ದು. ಕೊಡಗಿನ, ಕರಾವಳಿಯ, ಬೆಂಗಳೂರಿನ ಹುಡುಗಿಯರು ಪಕ್ಕದ ಲೇನಿಗೆ ಬಂದು ನಿಂತರು. ಕಾನ್ವೆಂಟುಗಳ ಮೈದಾನದಲ್ಲಿ ಬೆಳೆದ ಆ ಹುಡುಗಿಯರ ಎದುರು ನಮ್ಮವರು ಬಹುಕಾಲ ಸೋತದ್ದು ಸತ್ಯ. ಈ ಸತ್ಯವನ್ನು ಮರೆಮಾಚಿ ಸಂಚಿಕೆ ಬರೆಯುವುದು ಸರಿಯಲ್ಲ.

ಕೂಟದ ಮೆಟ್ಟಿಲುಗಳನ್ನು ಹೇಳದೆ ಈ ವ್ಯವಸ್ಥೆ ಅರ್ಥವಾಗುವುದಿಲ್ಲ. ಶಾಲೆ, ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ, ರಾಷ್ಟ್ರ. ಧಾರವಾಡ ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರಿದ್ದರಿಂದ ನಮ್ಮ ಹುಡುಗಿ ರಾಜ್ಯಕ್ಕೆ ಹೋಗಬೇಕಾದರೆ ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ, ಉತ್ತರ ಕನ್ನಡದವರನ್ನು ದಾಟಬೇಕು. 1997ಕ್ಕೆ ಮುಂಚೆ ಗದಗ, ಹಾವೇರಿ ಸೀಮೆಗಳು ನಮ್ಮ ಜಿಲ್ಲೆಯೊಳಗೇ ಇದ್ದವು. ಆಗಿನ ಜಿಲ್ಲಾ ಕೂಟವೇ ಒಂದು ಸಣ್ಣ ರಾಜ್ಯ ಕೂಟದಂತಿತ್ತು: ರಾಣೇಬೆನ್ನೂರಿನಿಂದ, ರೋಣದಿಂದ, ಶಿರಹಟ್ಟಿಯಿಂದ ಟ್ರಕ್ಕಿನಲ್ಲಿ, ಟೆಂಪೋದಲ್ಲಿ ಮಕ್ಕಳು ಬಂದಿಳಿಯುತ್ತಿದ್ದರು. ರಾತ್ರಿ ಯಾವುದೋ ಶಾಲೆಯ ಕೋಣೆಯಲ್ಲಿ ಬೆಂಚು ಸರಿಸಿ ಜಮಖಾನೆ ಹಾಸಿ ಮಲಗುವುದು. ಜಿಲ್ಲೆ ಮೂರಾದ ಮೇಲೆ ಜಿಲ್ಲಾ ಕೂಟ ಗೆಲ್ಲುವುದು ತುಸು ಸುಲಭವಾಯಿತು. ವಿಭಾಗದಲ್ಲಿ ಸೋಲುವುದು ಆಗ ಹೆಚ್ಚು ಕಣ್ಣಿಗೆ ಬಿತ್ತು.

ಈ ಮೆಟ್ಟಿಲಿನ ನಡುವೆ ಎಷ್ಟು ಹುಡುಗಿಯರು ಕಳಚಿಕೊಳ್ಳುತ್ತಾರೆ ಎಂಬುದನ್ನು ನೋಡಿದವರಿಗೆ ಗೊತ್ತು. ಕಾರಣ ಯಾವಾಗಲೂ ಓಟದ್ದಲ್ಲ. ಹಳ್ಳಿಯ ಕೆಂಪು ಮೈದಾನದಲ್ಲಿ ಬರಿಗಾಲಲ್ಲಿ ಗೆದ್ದವಳಿಗೆ ವಿಭಾಗದಲ್ಲಿ ಮೊದಲ ಸಲ ಪೂರ್ತಿ 400 ಮೀಟರಿನ ಟ್ರ್ಯಾಕು ಕಾಣುತ್ತದೆ. ಅವಳು ಅಭ್ಯಾಸ ಮಾಡಿದ ಇನ್ನೂರು ಮೀಟರಿನ ಸುತ್ತಿನಲ್ಲಿ ತಿರುವು ಬಿಗಿ, ನೇರ ಓಟ ಚಿಕ್ಕದು. ಇಲ್ಲಿ 84.39 ಮೀಟರು ನೇರ, ಆಮೇಲೆ 36.50 ಮೀಟರು ತ್ರಿಜ್ಯದ ಅಗಲವಾದ ತಿರುವು. ಒಂದೊಂದು ಲೇನು 1.22 ಮೀಟರು ಅಗಲ. 400 ಮೀಟರಿನ ಓಟದಲ್ಲಿ ಎರಡನೆಯ ಲೇನಿನವಳು ಮೊದಲ ಲೇನಿನವಳಿಗಿಂತ 7.04 ಮೀಟರು ಮುಂದೆ, ಅಲ್ಲಿಂದಾಚೆ ಪ್ರತಿ ಲೇನಿಗೆ ಇನ್ನೂ 7.67 ಮೀಟರು ಮುಂದೆ ನಿಲ್ಲಬೇಕು. ಹೊರ ಲೇನು ಸಿಕ್ಕ ಎಷ್ಟೋ ಹುಡುಗಿಯರು "ಅಕ್ಕಾರ, ನಾ ಒಬ್ಬಾಕೀನ ಮುಂದ ಇದ್ದೆ, ಎಲ್ಲಾರೂ ಹ್ಯಾಂಗ ದಾಟಿದ್ರು?" ಎಂದು ಅತ್ತಿದ್ದಾರೆ. ಮುಂದೆ ನಿಂತದ್ದು ಮುನ್ನಡೆಯಲ್ಲ ಎಂದು ಯಾರೂ ಅವರಿಗೆ ಮೊದಲೇ ತೋರಿಸಿಕೊಟ್ಟಿರಲಿಲ್ಲ. ತೋರಿಸುವುದಕ್ಕೆ ಟ್ರ್ಯಾಕು ಇರಲಿಲ್ಲ. ಆದ್ದರಿಂದ ನಾನು ಶಾಲೆಯ ಹಿಂದಿನ ಹಾಳು ಬಯಲಲ್ಲಿ ಒಂದೇ ಒಂದು ತಿರುವನ್ನು, ಪೂರ್ತಿ ಅಳತೆಯದನ್ನು, ಬೇಸಿಗೆಯಲ್ಲಿ ಎಳೆದಿಡುತ್ತಿದ್ದೆ. ಪೂರ್ತಿ ಟ್ರ್ಯಾಕಿಗೆ ಜಾಗವಿರಲಿಲ್ಲ, ತಿರುವಿಗೆ ಇತ್ತು. ಅಷ್ಟರಿಂದಲೇ ಮಕ್ಕಳ ಭಯ ಅರ್ಧ ಕಡಿಮೆಯಾಗುತ್ತಿತ್ತು.

ಬಾಲಕಿಯರ ಸ್ಪರ್ಧೆಗಳ ಪಟ್ಟಿಯೂ ನಿಧಾನವಾಗಿ ಉದ್ದವಾದದ್ದು. ಅದರ ಹಿಂದೆ ಜಗತ್ತಿನ ಒಂದು ದೊಡ್ಡ ತಪ್ಪು ತಿಳಿವಳಿಕೆಯ ಕಥೆಯಿದೆ. ಒಲಿಂಪಿಕ್ಸಿನಲ್ಲಿ ಮಹಿಳೆಯರಿಗೆ ಮೇಲಾಟ ಬಂದದ್ದು 1928ರ ಆಮ್‌ಸ್ಟರ್‌ಡ್ಯಾಂನಲ್ಲಿ. ಆ ವರ್ಷ 800 ಮೀಟರು ಓಡಿದ ಕೆಲವರು ಗುರಿ ಮುಟ್ಟಿದ ಮೇಲೆ ನೆಲಕ್ಕೆ ಕುಸಿದರೆಂದು ಪತ್ರಿಕೆಗಳು ಉತ್ಪ್ರೇಕ್ಷಿಸಿ ಬರೆದವು. ಹೆಣ್ಣಿನ ದೇಹಕ್ಕೆ ಇದು ತಾಳದು ಎಂದು ತೀರ್ಮಾನಿಸಿ ಆ ಓಟವನ್ನೇ ತೆಗೆದುಹಾಕಿದರು. ಮತ್ತೆ ಸೇರಿಸಿದ್ದು 1960ರಲ್ಲಿ, ರೋಮಿನಲ್ಲಿ. ನಡುವೆ 32 ವರ್ಷ! ಗಂಡಸರೂ ಓಟದ ಕೊನೆಗೆ ನೆಲಕ್ಕುರುಳುತ್ತಾರೆ, ಅದಕ್ಕೆ ಯಾರೂ ಅವರ ಓಟ ನಿಲ್ಲಿಸಲಿಲ್ಲ. 1500 ಮೀಟರು 1972ರಲ್ಲಿ, 400 ಮೀಟರು ಹರ್ಡಲ್ಸ್ ಮತ್ತು 3000 ಮೀಟರು 1984ರಲ್ಲಿ, ತ್ರಿವಿಧ ಜಿಗಿತ 1996ರಲ್ಲಿ, ಪೋಲ್ ವಾಲ್ಟ್ ಮತ್ತು ಹ್ಯಾಮರ್ ಎಸೆತ 2000ದಲ್ಲಿ ಸೇರಿದವು. ಶಾಲಾ ಕೂಟಗಳು ಒಲಿಂಪಿಕ್ಸನ್ನು ನೋಡಿ ನಡೆಯುವುದರಿಂದ ನಮ್ಮ ಹುಡುಗಿಯರ ಪಟ್ಟಿಗೂ ಅವು ಹಿಂದೆ ಹಿಂದೆಯೇ ಬಂದವು. ಎರೆ ಹೊಲದಲ್ಲಿ ಹತ್ತಿ ಬಿಡಿಸಿ, ಎರಡು ಮೈಲಿ ನಡೆದು ಶಾಲೆಗೆ ಬರುವ ಹುಡುಗಿಗೆ 800 ಮೀಟರು ಓಡುವ ಶಕ್ತಿ ಇಲ್ಲವೆಂದು ಆಮ್‌ಸ್ಟರ್‌ಡ್ಯಾಂನ ಮಹನೀಯರು ನಿರ್ಧರಿಸಿದ್ದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮ ಕಡೆಯವರ ಬಲವಿರುವುದೇ ಉದ್ದದ ಓಟದಲ್ಲಿ.

1984 ಎಂದೆ. ಆಗಸ್ಟ್ 8ರಂದು ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 400 ಮೀಟರು ಹರ್ಡಲ್ಸ್‌ನಲ್ಲಿ 55.42 ಸೆಕೆಂಡಿನಲ್ಲಿ ಓಡಿ, ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಕಂಚು ಕಳೆದುಕೊಂಡರು. ಆ ನಾಲ್ಕನೆಯ ಸ್ಥಾನ ಹಳ್ಳಿಹಳ್ಳಿಯ ತಂದೆ-ತಾಯಿಯರ ಮನಸ್ಸಿನಲ್ಲಿ ಮಾಡಿದ ಕೆಲಸವನ್ನು ಯಾವ ಸುತ್ತೋಲೆಯೂ ಮಾಡಲಿಲ್ಲ. ಅದೇ ಕೂಟದ 4×400 ರಿಲೇಯಲ್ಲಿ ಏಳನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ನಮ್ಮ ಉಡುಪಿ ಕಡೆಯ ವಂದನಾ ರಾವ್ ಇದ್ದರು. ಮುಂದೆ ಕೊಡಗಿನ ಅಶ್ವಿನಿ ನಾಚಪ್ಪ ಉಷಾ ಅವರನ್ನೇ ಹಿಂದೆ ಹಾಕಿದ ಸುದ್ದಿ ಬಂತು. 1988ರಲ್ಲಿ ಅಶ್ವಿನಿಗೆ ಅರ್ಜುನ ಪ್ರಶಸ್ತಿ. "ನಮ್ಮ ಮಗಳು ಚಡ್ಡಿ ಹಾಕ್ಕೊಂಡು ಓಡೂದು ಬ್ಯಾಡ್ರಿ" ಎನ್ನುತ್ತಿದ್ದ ಮನೆಗಳಲ್ಲಿ ಉಷಾಳ ಚಿತ್ರವಿದ್ದ ಕ್ಯಾಲೆಂಡರು ತೂಗಿತು. ಅಂಥದೊಂದು ಮನೆಯ ತಾಯಿ ಎರಡು ವರ್ಷ ಬಿಟ್ಟು ಬಂದು, "ಅಕ್ಕಾರ, ಹುಡುಗೀನ ನಿಮ್ಮ ಕೈಯಾಗ ಕೊಡಾಕತ್ತೇನ್ರಿ. ಹ್ಯಾಂಗ ಒಯ್ತೀರಿ ಹಂಗ ತಂದು ಬಿಡ್ರಿ" ಎಂದಳು. ಅವಳು ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಇಡೀ ತಂಡಕ್ಕೆ ನಾಲ್ಕು ದಿನ ಬಂತು.

ಉಷಾ ಆಕಸ್ಮಿಕವಾಗಿ ಆದವರಲ್ಲ ಎಂಬುದನ್ನೂ ಹೇಳಬೇಕು. 1976ರಲ್ಲಿ ಕೇರಳ ಸರ್ಕಾರ ಹುಡುಗಿಯರಿಗಾಗಿ ಕ್ರೀಡಾ ವಿಭಾಗ ತೆರೆಯಿತು. ವಸತಿ, ಊಟ, ಶಾಲೆ, ತರಬೇತಿ ಒಂದೇ ಕಡೆ. ಓ.ಎಂ. ನಂಬಿಯಾರ್ ಅಲ್ಲಿ ಉಷಾಳನ್ನು ಕಂಡರು. ರಾಷ್ಟ್ರೀಯ ಶಾಲಾ ಮೇಲಾಟದಲ್ಲಿ ಕೇರಳ ವರ್ಷಾನುವರ್ಷ ಸಮಗ್ರ ಪ್ರಶಸ್ತಿ ಹೊತ್ತುಕೊಂಡು ಹೋದದ್ದರ ಗುಟ್ಟು ಅದೇ. ದೇಶದ ಮಟ್ಟದಲ್ಲಿ 1975ರಲ್ಲಿ ರಾಷ್ಟ್ರೀಯ ಮಹಿಳಾ ಕ್ರೀಡೋತ್ಸವ ಶುರುವಾಗಿತ್ತು. ದಿಲ್ಲಿಯಲ್ಲಿ ಎರಡನೆಯ ಸಲ ನಡೆದ ಏಷ್ಯನ್ ಕ್ರೀಡಾಕೂಟದ ಬೆನ್ನಿಗೆ 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಬಂತು. ಧಾರವಾಡಕ್ಕೂ ಪ್ರಾಧಿಕಾರದ ತರಬೇತಿ ಕೇಂದ್ರ ಬಂದದ್ದು ಈ ಭಾಗದ ಪಾಲಿನ ದೊಡ್ಡ ತಿರುವು. ಆರ್.ಎನ್. ಶೆಟ್ಟಿ ಕ್ರೀಡಾಂಗಣ ಊರಿನ ಮೇಲಾಟದ ಮನೆಯಾಯಿತು. ಬೆಳಗಿನ ಐದೂವರೆಗೆ ಅಲ್ಲಿ ಹೋಗಿ ನಿಂತರೆ ಈಗಲೂ ಹುಡುಗಿಯರ ಉಸಿರು, ಸ್ಪೈಕಿನ ಸಪ್ಪಳ ಕೇಳುತ್ತದೆ.

ಪ್ರಾಧಿಕಾರದ ಚರಿತ್ರೆಯಲ್ಲಿ ನಮ್ಮ ಪಕ್ಕದ ಕಾಡಿನದೊಂದು ಅಧ್ಯಾಯವಿದೆ. ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಸಚಿವೆಯಾಗಿದ್ದಾಗ, 1987ರ ಸುಮಾರಿಗೆ, ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದರು. ಧಾರವಾಡದಿಂದ ಹಳಿಯಾಳ ಹೆಚ್ಚು ದೂರವಲ್ಲ. ಅಲ್ಲಿಯ ಸಂತೆಗೂ ಇಲ್ಲಿಯ ಸಂತೆಗೂ ಒಂದೇ ಜನ. ಆ ಮಕ್ಕಳಲ್ಲಿ ಕಮಲಾ ಸಿದ್ದಿ ಹರ್ಡಲ್ಸ್‌ನಲ್ಲಿ ರಾಷ್ಟ್ರಮಟ್ಟದ ಹೆಸರು ಗಳಿಸಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮಕ್ಕಳು ಊರಿಗೆ ಮರಳಿದರು, ಬಹಳ ಜನ ಕೂಲಿಗೆ ಹೋದರು. ಪ್ರತಿಭೆ ಗುರುತಿಸುವುದು ಒಂದು ಹಂಗಾಮಿನ ಕೆಲಸ, ಅದನ್ನು ಸಾಕುವುದು ಹತ್ತು ವರ್ಷದ್ದು. ಹತ್ತು ವರ್ಷದ ಹಣ, ಹತ್ತು ವರ್ಷದ ತಾಳ್ಮೆ ಇಲ್ಲದೆ ಕಾಡಿನ ಮಕ್ಕಳನ್ನು ಪಟ್ಟಣಕ್ಕೆ ಎಳೆದು ತಂದದ್ದು ಅನ್ಯಾಯವಾಯಿತೆಂದೇ ನನ್ನ ತೀರ್ಮಾನ. ಈಗ ಅದೇ ಮುಂಡಗೋಡದಲ್ಲಿ ಖಾಸಗಿ ಪ್ರಯತ್ನವೊಂದು ಸಿದ್ದಿ ಹುಡುಗ-ಹುಡುಗಿಯರನ್ನು ಊರಿನಲ್ಲಿಯೇ ಓಡಿಸುತ್ತಿರುವುದು ಸಮಾಧಾನದ ಸಂಗತಿ.

ಬಾಲಕಿಯರ ಕೂಟವನ್ನು ಬೇರೆಯಾಗಿಯೇ ನಡೆಸಬೇಕೇ ಎಂಬ ಪ್ರಶ್ನೆ 2015-16ರ ಸಾಲಿನಲ್ಲಿ ದೇಶದ ಮುಂದೆ ಬಂತು. ಆ ವರ್ಷ ಹುಡುಗರ ಮೇಲಾಟ ಒಂದೂರಲ್ಲಿ, ಹುಡುಗಿಯರದು ಇನ್ನೊಂದೂರಲ್ಲಿ ಎಂದು ಯೋಜನೆಯಾಗಿತ್ತು. ಕೇರಳದಿಂದ ಬಲವಾದ ವಿರೋಧ ಎದ್ದಿತು. ನಡೆಸಬೇಕಿದ್ದ ಮಹಾರಾಷ್ಟ್ರ ಹಿಂದೆ ಸರಿಯಿತು. ಕೊನೆಗೆ ಕೂಟ ತಡವಾಗಿ, 2016ರ ಜನವರಿ ಕೊನೆಯ ದಿನಗಳಲ್ಲಿ, ಕೋಝಿಕ್ಕೋಡಿನಲ್ಲಿ ಒಟ್ಟಿಗೇ ನಡೆಯಿತು, ಕೇರಳವೇ ಗೆದ್ದಿತು. ಮುಂದಿನ ಸಾಲಿನಿಂದ ವಯಸ್ಸಿನ ಗುಂಪುಗಳ ಪ್ರಕಾರ ಕೂಟಗಳು ಬೇರೆ ಬೇರೆ ಊರಿಗೆ ಹೋದವು, ಹುಡುಗ-ಹುಡುಗಿಯರು ಮಾತ್ರ ಒಂದೇ ಮೈದಾನದಲ್ಲಿ ಉಳಿದರು. ಆಗ ನಮ್ಮ ಶಿಕ್ಷಕರಲ್ಲಿಯೂ ಎರಡು ಮತವಿತ್ತು. ಹುಡುಗಿಯರಿಗೆ ಪ್ರತ್ಯೇಕ ಕೂಟವಾದರೆ ತಂದೆ-ತಾಯಿ ಧೈರ್ಯದಿಂದ ಕಳಿಸುತ್ತಾರೆ ಎಂದು ಕೆಲವರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಬೇರೆ ಮಾಡಿದ ಕೂಟಕ್ಕೆ ಎರಡನೆಯ ದರ್ಜೆಯ ಮೈದಾನ, ಎರಡನೆಯ ದರ್ಜೆಯ ಪ್ರೇಕ್ಷಕರು, ಪತ್ರಿಕೆಯ ಒಳಪುಟ ಸಿಗುತ್ತವೆ. ಹುಡುಗಿಯರಿಗೆ ಪ್ರತ್ಯೇಕವಾಗಿ ಬೇಕಾದದ್ದು ಬೇರೆ: ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ, ನೀರಿರುವ ಶೌಚಾಲಯ, ಜೊತೆಗೆ ಬರುವ ಶಿಕ್ಷಕಿ, ರಾತ್ರಿ ಕಾವಲಿರುವ ವಸತಿ.

ಇದನ್ನು ಅನುಭವದಿಂದಲೇ ಹೇಳುತ್ತೇನೆ. ಒಂದು ವರ್ಷ ವಿಭಾಗಮಟ್ಟದ ಕೂಟಕ್ಕೆ ಹುಡುಗಿಯರನ್ನು ಕರೆದುಕೊಂಡು ಹೋದಾಗ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವಿರಲಿಲ್ಲ. ಮಕ್ಕಳು ಬೆಳಿಗ್ಗೆಯಿಂದ ನೀರು ಕುಡಿಯಲಿಲ್ಲ. ಮಧ್ಯಾಹ್ನ ಎರಡಕ್ಕೆ 1500 ಮೀಟರಿನ ಫೈನಲ್ಲಿನಲ್ಲಿ ನಮ್ಮ ಹುಡುಗಿ ಮೂರನೆಯ ಸುತ್ತಿನವರೆಗೆ ಮುಂದಿದ್ದು, ತಲೆ ಸುತ್ತಿ ಟ್ರ್ಯಾಕಿನಂಚಿಗೆ ಕುಳಿತುಬಿಟ್ಟಳು. ಅವಳು ಮತ್ತೆ ಓಡಲಿಲ್ಲ. ಆ ವರ್ಷವೇ ಎಸ್ಸೆಸ್ಸೆಲ್ಸಿ. ಆವತ್ತು ನಾನು ಮಾಡಬೇಕಿದ್ದ ಒಂದು ಕೆಲಸವಿತ್ತು: ಮಕ್ಕಳನ್ನು ಪಕ್ಕದ ಮನೆಗಳಿಗೆ ಕರೆದೊಯ್ದು ಬಾಗಿಲು ತಟ್ಟುವುದು. ಸಂಕೋಚದಿಂದ ಮಾಡಲಿಲ್ಲ. ಮುಂದಿನ ವರ್ಷಗಳಲ್ಲಿ ಯಾವ ಊರಿಗೆ ಹೋದರೂ ಮೊದಲು ಬಾಗಿಲು ತಟ್ಟಿದ್ದೇನೆ. ಯಾವ ತಾಯಿಯೂ ಇಲ್ಲ ಎನ್ನಲಿಲ್ಲ.

ರಕ್ತಹೀನತೆಯ ಮಾತನ್ನು ಕ್ರೀಡೆಯವರು ಸಾಕಷ್ಟು ಆಡಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆ. ಅಂದರೆ ರಾಷ್ಟ್ರೀಯ ಕೂಟದ ವಯಸ್ಸಿನ ಹತ್ತು ಹುಡುಗಿಯರಲ್ಲಿ ಆರು ಮಂದಿ. ರಕ್ತದಲ್ಲಿ ಕಬ್ಬಿಣವಿಲ್ಲದ ಹುಡುಗಿಗೆ 800 ಮೀಟರಿನ ಎರಡನೆಯ ಸುತ್ತು ಕಲಿಸುವುದು ಎಣ್ಣೆಯಿಲ್ಲದ ದೀಪಕ್ಕೆ ಬತ್ತಿ ಹೊಸೆದಂತೆ. ಪ್ರೌಢಶಾಲೆಗಳಿಗೂ ಬಿಸಿಯೂಟ ಬಂದದ್ದು, ಆಮೇಲೆ ಮೊಟ್ಟೆ-ಬಾಳೆಹಣ್ಣು ಬಂದದ್ದು, ವಾರಕ್ಕೊಂದು ಕಬ್ಬಿಣದ ಮಾತ್ರೆ ಬಂದದ್ದು ಇವನ್ನು ನಾನು ಕ್ರೀಡಾ ಯೋಜನೆಗಳ ಪಟ್ಟಿಯಲ್ಲಿಯೇ ಬರೆದುಕೊಳ್ಳುತ್ತೇನೆ. ಮಾತ್ರೆಯನ್ನು ಕಿಟಕಿಯಾಚೆ ಎಸೆಯುವ ಮಕ್ಕಳ ಮುಂದೆ ನಿಂತು ನುಂಗಿಸುವುದು ಪಿ.ಟಿ. ಟೀಚರ ಕೆಲಸವೇ.

ಮಾತ್ರೆಯ ಮಾತು ಬಂದಾಗ ಇನ್ನೊಂದನ್ನು ಹೇಳದೆ ಇರಲಾರೆ. ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದಿಲ್ಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ, ಗುವಾಂಗ್‌ಝೌ ಏಷ್ಯನ್ ಕೂಟದ 400 ಮೀಟರು ಹರ್ಡಲ್ಸ್‌ನಲ್ಲಿ ಚಿನ್ನ ಗೆದ್ದಾಗ ನಮ್ಮ ಶಾಲೆಗಳಲ್ಲಿ ಪೇಡೆ ಹಂಚಿದೆವು. ಮರುವರ್ಷವೇ ಅವರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕು ನಿಷೇಧಕ್ಕೊಳಗಾದರು. ತರಬೇತುದಾರ ಕೊಟ್ಟ ಪುಡಿಯನ್ನಾಗಲಿ ಗುಳಿಗೆಯನ್ನಾಗಲಿ ಕೇಳದೆ ನುಂಗಬಾರದು ಎಂದು ಹುಡುಗಿಯರಿಗೆ ಪ್ರೌಢಶಾಲೆಯಲ್ಲಿಯೇ ಹೇಳಬೇಕು. ವಯಸ್ಸಿನ ವಂಚನೆಯೂ ಇದೇ ಜಾತಿಯದು. ಹತ್ತೊಂಬತ್ತರವಳನ್ನು ಹದಿನೇಳರ ಗುಂಪಿನಲ್ಲಿ ನಿಲ್ಲಿಸಿದಾಗ ಶಾಲೆಗೆ ಒಂದು ಕಪ್ಪು ಬರುತ್ತದೆ, ನಿಜವಾದ ಹದಿನೇಳರ ಹುಡುಗಿಯೊಬ್ಬಳು ಮನೆಗೆ ಹೋಗುತ್ತಾಳೆ.

ಮನೆಗೆ ಹೋಗುವುದು ಎಂದಾಗ ಈ ಇಡೀ ಚರಿತ್ರೆಯ ದೊಡ್ಡ ಬಿರುಕಿನ ಮುಂದೆ ಬಂದು ನಿಂತೆವು. ಹತ್ತನೆಯ ತರಗತಿಯವರೆಗಿನ ಕ್ರೀಡೆ ಶಾಲಾ ಶಿಕ್ಷಣ ಇಲಾಖೆಯ ಕೂಟಗಳಲ್ಲಿ. ಹನ್ನೊಂದಕ್ಕೆ ಕಾಲಿಟ್ಟ ಕೂಡಲೇ ಪದವಿಪೂರ್ವ ವಿಭಾಗದ ಬೇರೆಯೇ ಕೂಟ, ಬೇರೆಯೇ ವ್ಯವಸ್ಥೆ. ಅನೇಕ ಪದವಿಪೂರ್ವ ಕಾಲೇಜುಗಳಲ್ಲಿ ದೈಹಿಕ ಶಿಕ್ಷಣಕ್ಕೆ ಹುದ್ದೆಯೇ ಇಲ್ಲ. ಮೂರು ವರ್ಷ ಅವಳ ಹೆಜ್ಜೆಯ ಅಳತೆ ಬರೆದಿಟ್ಟ ಶಿಕ್ಷಕಿ ಪ್ರೌಢಶಾಲೆಯಲ್ಲಿಯೇ ಉಳಿದಳು. ಹುಡುಗಿ ಒಬ್ಬಳೇ ಆಚೆ ಹೋದಳು. ಬಾಲಕಿಯರ 19ರ ಗುಂಪಿನಲ್ಲಿ ನಮ್ಮ ಭಾಗದವರು ಕಡಿಮೆಯಿರುವುದಕ್ಕೆ ಇದೇ ಮೊದಲ ಕಾರಣ, ಮದುವೆ ಎರಡನೆಯದು. ಕರಾವಳಿಯ ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಹತ್ತನೆಯ ನಂತರದ ಹುಡುಗಿಯರನ್ನು ದತ್ತು ತೆಗೆದುಕೊಂಡು ಓದಿಸಿ ಓಡಿಸಿದ್ದರಿಂದ ಅಲ್ಲಿ ಆ ಬಿರುಕು ಮುಚ್ಚಿತು. ಉತ್ತರ ಕರ್ನಾಟಕದ ದೊಡ್ಡ ಶಿಕ್ಷಣ ಸಂಸ್ಥೆಗಳಿಗೆ ಆ ಶಕ್ತಿ ಇಲ್ಲವೆಂದು ನಾನು ನಂಬುವುದಿಲ್ಲ.

ಆಚೆ ದಡದಲ್ಲಿ ನೌಕರಿಯೂ ಇದೆ. 2003ರಲ್ಲಿ ಹುಬ್ಬಳ್ಳಿ ನೈರುತ್ಯ ರೈಲ್ವೆಯ ಕೇಂದ್ರವಾಯಿತು. ದೇಶದ ಮಹಿಳಾ ಮೇಲಾಟದ ಬೆನ್ನೆಲುಬು ರೈಲ್ವೆ ಎಂಬುದು ಕ್ರೀಡಾ ಪುಟ ಓದುವ ಎಲ್ಲರಿಗೂ ಗೊತ್ತು. ಓಡಿದರೆ ಕೆಲಸ ಸಿಗುತ್ತದೆ ಎಂಬ ಮಾತು ಮನೆಯ ಹಿರಿಯರ ಕಿವಿಗೆ ಪದಕಕ್ಕಿಂತ ಬೇಗ ಮುಟ್ಟುತ್ತದೆ. ವೃತ್ತಿಶಿಕ್ಷಣದ ಸೀಟಿಗೂ ಕ್ರೀಡಾ ಕೋಟಾ ಇದೆ. ರಾಷ್ಟ್ರೀಯ ಶಾಲಾ ಕೂಟದ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆಯಿದೆ. ಆ ಕಾಗದವನ್ನು ಎಷ್ಟೋ ಹುಡುಗಿಯರು ಟ್ರಂಕಿನ ತಳದಲ್ಲಿಟ್ಟು ಮರೆತಿದ್ದಾರೆ.

ಇತ್ತೀಚಿನದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2018ರ ಜನವರಿ 31ರಿಂದ ದಿಲ್ಲಿಯಲ್ಲಿ ಮೊದಲ ಖೇಲೋ ಇಂಡಿಯಾ ಶಾಲಾ ಕ್ರೀಡಾಕೂಟ, 17ರೊಳಗಿನವರಿಗಾಗಿ, ನಡೆಯಿತು. ಮರುವರ್ಷ ಪುಣೆಯಲ್ಲಿ ಅದು ಯುವ ಕ್ರೀಡಾಕೂಟವಾಯಿತು. ಟಿ.ವಿ.ಯಲ್ಲಿ ನೇರಪ್ರಸಾರ ಬಂದದ್ದರಿಂದ ಹಳ್ಳಿಯ ಹುಡುಗಿಯರು ತಮ್ಮ ವಯಸ್ಸಿನವರ ಓಟವನ್ನು ಮೊದಲ ಸಲ ನೋಡಿದರು. ಕೊರೊನಾದ ವರ್ಷಗಳಲ್ಲಿ ರಾಷ್ಟ್ರೀಯ ಶಾಲಾ ಕೂಟ ನಿಂತು, 66ನೆಯ ಕೂಟ 2023ರ ಜೂನ್‌ನಲ್ಲಿ ದಿಲ್ಲಿ, ಭೋಪಾಲ್, ಗ್ವಾಲಿಯರ್‌ಗಳಲ್ಲಿ ನಡೆಯಿತು. ಆ ನಡುವೆ ಎಂಟನೆಯ ತರಗತಿಯಿಂದ ಹತ್ತಕ್ಕೆ ದಾಟಿದ ಒಂದು ಇಡೀ ತಂಡದ ಹುಡುಗಿಯರಿಗೆ ರಾಷ್ಟ್ರೀಯ ಕೂಟವೇ ಸಿಗಲಿಲ್ಲ. 2023ರ ಜನವರಿಯಲ್ಲಿ ರಾಷ್ಟ್ರೀಯ ಯುವಜನೋತ್ಸವಕ್ಕೆ ದೇಶದ ಎಲ್ಲ ಕಡೆಯ ಯುವಕ-ಯುವತಿಯರು ಹುಬ್ಬಳ್ಳಿ-ಧಾರವಾಡಕ್ಕೆ ಬಂದರು. ಅವರಿಗೆ ವಸತಿ, ಊಟ, ಸಾರಿಗೆ ಒದಗಿಸಿದ ಈ ಅವಳಿ ನಗರ ಬಾಲಕಿಯರ ರಾಷ್ಟ್ರೀಯ ಶಾಲಾ ಮೇಲಾಟವನ್ನೂ ನಡೆಸಬಲ್ಲದು. ಸರ್ಕಾರದ ಮುಂದೆ ಈ ಬೇಡಿಕೆ ಇಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಈ ಸಂಚಿಕೆ ಓದುವ ಮುಖ್ಯೋಪಾಧ್ಯಾಯರಲ್ಲಿ, ಆಡಳಿತ ಮಂಡಳಿಯವರಲ್ಲಿ ಒಂದು ಕೇಳಿಕೆ. ನಿಮ್ಮ ಕಚೇರಿಯ ಗೋಡೆಯಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಮೊದಲು ಬಂದವರ ಹೆಸರಿನ ಫಲಕವಿದೆ, ಬಂಗಾರದ ಅಕ್ಷರದಲ್ಲಿ. ಅದರ ಪಕ್ಕ ಇನ್ನೊಂದು ಫಲಕ ತೂಗುಹಾಕಿ. ವಿಭಾಗ, ರಾಜ್ಯ, ರಾಷ್ಟ್ರಮಟ್ಟದಲ್ಲಿ ಓಡಿದ, ಜಿಗಿದ, ಎಸೆದ ನಿಮ್ಮ ಶಾಲೆಯ ಹುಡುಗಿಯರ ಹೆಸರು, ವರ್ಷ, ಸ್ಪರ್ಧೆ, ಅವರ ಸಮಯ ಅಥವಾ ದೂರವನ್ನು ಅದರಲ್ಲಿ ಬರೆಸಿ. ಹಿಂದೆ ಓಡಿದ ಅಕ್ಕ-ತಂಗಿಯರೇ, ಟ್ರಂಕು ತೆರೆದು ಆ ಪ್ರಮಾಣಪತ್ರ ಹುಡುಕಿ ಅದರ ಒಂದು ನಕಲನ್ನು ನಿಮ್ಮ ಶಾಲೆಗೆ ಕೊಟ್ಟು ಬನ್ನಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ.